ಕತ್ತಿಯ ಶುದ್ಧಿಯೂ ಕೈಯ ಹೊಣೆಯೂ

ಒಂದು ಜನಾಂಗದ ಆಚಾರವನ್ನು ಹೊರಗೆ ನಿಂತು ಮೆಚ್ಚುವುದು ಸುಲಭ. ಹಳಿಯುವುದು ಇನ್ನೂ ಸುಲಭ. ಆ ಆಚಾರದ ಒಳಗೆ ಹುಟ್ಟಿ, ಅದರ ನುಡಿಯಲ್ಲಿಯೇ ಬೆಳೆದು, ಅದರ ಎದುರಿಗೆ ನಿಂತು ‘ಇಷ್ಟು ಸಾಕೆ?’ ಎಂದು ಕೇಳುವುದು ಕಷ್ಟ. ಈ ಕಷ್ಟವಾದ ಕೆಲಸವನ್ನು ಐಸಾಕ್ ಬಾಷೆವಿಸ್ ಸಿಂಗರರು ಒಂದು ಸಣ್ಣ ಕಥೆಯಲ್ಲಿ ಮಾಡಿದ್ದಾರೆ. ಪೋಲೆಂಡಿನ ಒಂದು ರಬ್ಬಿಗಳ ಮನೆತನದಲ್ಲಿ ಹುಟ್ಟಿ, ೧೯೩೫ರಲ್ಲಿ ಅಮೆರಿಕೆಗೆ ಹೋಗಿ ನೆಲಸಿದ ಈ ಲೇಖಕರು, ಅಲ್ಲಿಯೂ ತಮ್ಮ ತಾಯ್ನುಡಿಯಾದ ಯಿಡ್ಡಿಷ್ ಭಾಷೆಯನ್ನು ಬಿಡದೆ ಅದರಲ್ಲಿಯೇ ಬರೆದರು. ೧೯೭೮ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ದೊರೆಯಿತು. ಇಂಗ್ಲಿಷಿನಲ್ಲಿ ‘ದಿ ಸ್ಲಾಟರರ್’ ಎಂಬ ಹೆಸರಿನ ಈ ಕಥೆ ೧೯೬೭ರಲ್ಲಿ ಪ್ರಕಟವಾಗಿ, ಮರುವರ್ಷ ‘ದಿ ಸೆಯಾನ್ಸ್’ ಎಂಬ ಸಂಗ್ರಹದಲ್ಲಿ ಸೇರಿತು.

ಸಿಂಗರರು ತಮ್ಮ ಬಾಳಿನ ಉತ್ತರಾರ್ಧದಲ್ಲಿ ಶಾಕಾಹಾರಿಗಳಾದವರು. ಆದುದರಿಂದ ಈ ಕಥೆಯನ್ನು ಮಾಂಸಾಹಾರದ ಖಂಡನೆಯೆಂದು ಓದುವುದು ರೂಢಿಯಾಗಿದೆ. ಆ ಓದು ತಪ್ಪಲ್ಲ. ಆದರೆ ಅದು ಅಪೂರ್ಣವೆಂದು ನಮ್ಮ ಅಭಿಪ್ರಾಯ. ಕತ್ತಿಗೆ ಧರ್ಮವು ವಿಧಿಸಿದ ಶುದ್ಧಿಯಿಂದ, ಆ ಕತ್ತಿಯ ಫಲವನ್ನು ಉಣ್ಣುವವರ ಹೊಣೆ ತೀರಿತೆ? ಕಥೆಯ ನಿಜವಾದ ವಸ್ತು ಈ ಪ್ರಶ್ನೆ. ಇದು ಬರಿಯ ಕಥೆಯ ಪ್ರಶ್ನೆಯಾಗಿ ಉಳಿಯಲಿಲ್ಲವೆಂಬುದಕ್ಕೆ ಮುಂದೆ ಅಮೆರಿಕೆಯಲ್ಲಿ ನಡೆದ ಸಂಗತಿಗಳೇ ಸಾಕ್ಷಿ.

ಕಥೆಗೆ ಹೋಗುವ ಮೊದಲು ಆಚಾರವನ್ನು ಸ್ವಲ್ಪ ತಿಳಿಯಬೇಕು. ‘ಕೋಷರ್’ ಎಂಬ ಹೀಬ್ರೂ ಮಾತಿಗೆ ‘ತಕ್ಕುದು’, ‘ಯೋಗ್ಯವಾದುದು’ ಎಂದಷ್ಟೇ ಅರ್ಥ. ಯೆಹೂದ್ಯರು ತಿನ್ನಬಹುದಾದ ಮಾಂಸವನ್ನು ಒದಗಿಸುವ ವಧಕಾರನಿಗೆ ‘ಶೋಹೆತ್’ ಎಂದು ಹೆಸರು. ಅವನನ್ನು ಕನ್ನಡದಲ್ಲಿ ‘ಕಟುಕ’ನೆಂದರೆ ಅರ್ಥವೇ ಕೆಡುತ್ತದೆ, ಆ ಮಾತಿನಲ್ಲಿ ನಾವು ಕ್ರೌರ್ಯವನ್ನು ತುಂಬಿಟ್ಟಿದ್ದೇವೆ. ಶೋಹೆತನಾದರೋ ಶಾಸ್ತ್ರವನ್ನು ಓದಿ, ರಬ್ಬಿಯ ಮುಂದೆ ಪರೀಕ್ಷೆ ಕೊಟ್ಟು, ಅನುಜ್ಞೆ ಪಡೆದ ದೈವಭೀರು. ಅವನ ಕತ್ತಿಯ ಅಲಗಿನಲ್ಲಿ ಕೂದಲೆಳೆಯಷ್ಟು ಮುಕ್ಕು ಇರಕೂಡದು. ಅದನ್ನು ಉಗುರಿನ ಮೇಲೂ ಬೆರಳಿನ ಮಾಂಸದ ಮೇಲೂ ಎಳೆದು ನೋಡಬೇಕು. ಕೊರಳನ್ನು ಕೊಯ್ಯುವಾಗ ನಡುವೆ ತಡೆಯಕೂಡದು, ಒತ್ತಕೂಡದು, ಅಲಗು ಮರೆಯಾಗಕೂಡದು, ಗೊತ್ತಾದ ಎಡೆಯಿಂದ ಜಾರಕೂಡದು, ನಾಳವನ್ನು ಹರಿದು ಕೀಳಕೂಡದು. ಈ ಐದರಲ್ಲಿ ಒಂದು ತಪ್ಪಿದರೂ ಮಾಂಸವು ನಿಷಿದ್ಧ. ಆಮೇಲೆ ಶ್ವಾಸಕೋಶದ ಪರೀಕ್ಷೆಯುಂಟು; ಮಾಂಸವನ್ನು ನೀರಿನಲ್ಲಿ ನೆನೆಸಿ, ಉಪ್ಪು ಸವರಿ, ರಕ್ತವನ್ನು ಬಸಿದು ತೆಗೆಯುವ ವಿಧಿಯುಂಟು. ಹಕ್ಕಿಯ ರಕ್ತವು ನೆಲಕ್ಕೆ ಬಿದ್ದರೆ ಅದನ್ನು ಮಣ್ಣಿನಿಂದ ಮುಚ್ಚಬೇಕು. ಪ್ರಾಣಿಗೆ ಆದಷ್ಟು ಸುಲಭವಾದ ಮರಣವನ್ನು ಕೊಡುವುದೇ ಇವುಗಳ ಉದ್ದೇಶವೆಂದು ಹನ್ನೆರಡನೆಯ ಶತಮಾನದ ಮಹಾಪಂಡಿತ ಮೈಮೊನಿಡೀಸನು ವಿವರಿಸಿದ್ದಾನೆ. ತಾಯಿಯನ್ನೂ ಮರಿಯನ್ನೂ ಒಂದೇ ದಿನ ಕೊಲ್ಲಬೇಡವೆಂದು ಹೇಳುವ ಶಾಸ್ತ್ರವೇ, ಬಡ ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವ ಮೊದಲು ಕೊಡಬೇಕೆಂದೂ, ಅವನು ಪರದೇಶದವನಾದರೂ ಹಿಂಸಿಸಬಾರದೆಂದೂ ಹೇಳುತ್ತದೆ. ಈ ಕಡೆಯ ವಿಧಿಯನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಇನ್ನು ಕಥೆ. ಕೊಲೊಮಿರ್ ಎಂಬ ಊರಿನಲ್ಲಿ ಯೋಯ್ನೆ ಮೇಯರ್ ಎಂಬವನಿದ್ದಾನೆ. ಅವನ ತಂದೆಯೂ ಅಜ್ಜನೂ ಆ ಊರಿನ ರಬ್ಬಿಗಳಾಗಿದ್ದವರು. ಆ ಪೀಠವು ಅವನಿಗೆ ಸಲ್ಲಬೇಕಾಗಿತ್ತು. ಆದರೆ ಪಂಗಡಗಳ ಕಲಹದಲ್ಲಿ ಅದು ತಪ್ಪಿಹೋಗುತ್ತದೆ. ಅವನನ್ನು ಬರಿಗೈಯಲ್ಲಿ ಕಳುಹಿಸಬಾರದೆಂದು ಊರವರು ಶೋಹೆತನ ಕೆಲಸವನ್ನು ಕೊಡುತ್ತಾರೆ. ರಕ್ತವನ್ನು ಕಂಡರೆ ತಾಳಲಾರದ ಮೃದುಹೃದಯ ಅವನದು. ಆದರೂ ಹೆಂಡತಿ, ಮಾವ, ಅವನು ನಂಬಿದ ಟ್ರಿಸ್ಕ್ ಊರಿನ ಗುರು, ಎಲ್ಲರೂ ಒತ್ತಾಯಿಸುತ್ತಾರೆ. ಕರುಣೆಗೆ ಮೂಲನಾದ ದೇವರಿಗಿಂತ ಹೆಚ್ಚು ಕರುಣೆಯನ್ನು ಮನುಷ್ಯನು ತೋರಬಾರದೆಂದು ಗುರುವಿನ ವಾದ. ಶುದ್ಧವಾದ ಕತ್ತಿಯಿಂದ ಭಕ್ತನು ಕೊಯ್ದರೆ ಪ್ರಾಣಿಯಲ್ಲಿ ಸಿಕ್ಕಿಕೊಂಡ ಜೀವಕ್ಕೆ ಬಿಡುಗಡೆಯಾಗುವುದೆಂಬ ಸಮಾಧಾನವೂ ಉಂಟು. ಅವನು ಒಪ್ಪುತ್ತಾನೆ. ದಿನೇ ದಿನೇ ಕೊಯ್ಯುತ್ತಾನೆ. ಕನಸಿನಲ್ಲಿ ಹಸುಗಳಿಗೆ ಗಡ್ಡ ಬೆಳೆದು ಕೊಂಬಿನ ಮೇಲೆ ಟೋಪಿ ಕಾಣುತ್ತದೆ. ಕೊಯ್ಯುತ್ತಿದ್ದ ಕರು ಹುಡುಗಿಯಾಗುತ್ತದೆ. ಪಶ್ಚಾತ್ತಾಪಕ್ಕೆ ಮೀಸಲಾದ ಎಲೂಲ್ ಮಾಸವು ಬಂದರೆ ಊರಿಗೆಲ್ಲ ಪ್ರಾರ್ಥನೆಯ ಕಾಲ. ಹಬ್ಬವು ಹತ್ತಿರವಾದುದರಿಂದ ಅವನಿಗೆ ಮಾತ್ರ ಎಡೆಬಿಡದ ವಧೆಯ ಕಾಲ. ಕೊನೆಗೆ ಪ್ರಾರ್ಥನೆಯಲ್ಲಿಯೂ ಅವನಿಗೆ ಆಶ್ರಯವಿಲ್ಲ. ಶಾಸ್ತ್ರಗ್ರಂಥವನ್ನು ಬರೆದ ಹಾಳೆ ಪಶುವಿನ ಚರ್ಮ. ಜಪಕ್ಕೆ ಕಟ್ಟಿಕೊಳ್ಳುವ ಸಂಪುಟವೂ ಕರುವಿನ ಚರ್ಮ. ಬುದ್ಧಿ ಕೆಟ್ಟು, ದೇವರನ್ನೇ ವಧಕಾರನೆಂದು ನಿಂದಿಸಿ, ಓಡಿಹೋಗಿ ನದಿಯಲ್ಲಿ ಮುಳುಗಿ ಸಾಯುತ್ತಾನೆ.

ಕಥೆಯ ಕಟ್ಟಣೆಯಲ್ಲಿ ಮೊದಲು ಗಮನಿಸತಕ್ಕದ್ದು, ಇದರಲ್ಲಿ ದುಷ್ಟರಾರೂ ಇಲ್ಲವೆಂಬುದು. ಹೆಂಡತಿಗೆ ಸಂಸಾರದ ಚಿಂತೆ. ಊರವರಿಗೆ ಅವನ ಮೇಲೆ ಮರುಕ. ಗುರುವಿಗೆ ಶಿಷ್ಯನು ಉಳಿಯಲೆಂಬ ಹಂಬಲ. ಪ್ರತಿಯೊಬ್ಬರೂ ಒಳ್ಳೆಯ ಮಾತನ್ನೇ ಆಡುತ್ತಾರೆ; ಒಬ್ಬೊಬ್ಬರ ಒಳ್ಳೆಯ ಮಾತೂ ಅವನನ್ನು ಒಂದೊಂದು ಹೆಜ್ಜೆ ನದಿಯ ಕಡೆಗೆ ನೂಕುತ್ತದೆ. ಬೀಭತ್ಸವನ್ನು ಅಂಗವಾಗಿಟ್ಟುಕೊಂಡು ಕರುಣವನ್ನು ಪೋಷಿಸುವುದು ಎಂತಹ ಕವಿಗೂ ಅಪಾಯದ ದಾರಿ. ರಕ್ತ, ಕರುಳು, ಗರಿ ಇವುಗಳ ವರ್ಣನೆ ಹೆಚ್ಚಾದರೆ ವಾಚಕನ ಮನಸ್ಸು ಹೇಸಿಕೊಂಡು ಮುಖ ತಿರುಗಿಸುತ್ತದೆ, ಮರುಕ ಹುಟ್ಟುವುದಿಲ್ಲ. ಸಿಂಗರರು ಜುಗುಪ್ಸೆಯನ್ನು ವಾಚಕನಲ್ಲಿ ನೇರವಾಗಿ ಹುಟ್ಟಿಸದೆ ಯೋಯ್ನೆ ಮೇಯರನ ಮನಸ್ಸಿನಲ್ಲಿ ಹುಟ್ಟಿಸುತ್ತಾರೆ. ನಾವು ಅವನ ಜುಗುಪ್ಸೆಗೆ ಮರುಗುತ್ತೇವೆ. ಈ ಔಚಿತ್ಯಪ್ರಜ್ಞೆಯೇ ಕಥೆಯನ್ನು ಕರಪತ್ರವಾಗದಂತೆ ಕಾಪಾಡಿದೆ.

ಗುರುವಿನ ವಾದದ ಹಿಂದೆ ಯೆಹೂದ್ಯ ಪರಂಪರೆಯ ಒಂದು ಹಳೆಯ ಕಥೆಯ ನೆರಳಿದೆಯೆಂದು ನಮಗೆ ತೋರುತ್ತದೆ. ಸುಮಾರು ಕ್ರಿ. ಶ. ೨೦೦ರಲ್ಲಿ ಮಿಷ್ನಾ ಎಂಬ ಧರ್ಮಸಂಹಿತೆಯನ್ನು ಕಟ್ಟಿದ ರಬ್ಬಿ ಯೆಹೂದನ ವಿಷಯವಾಗಿ ತಾಲ್ಮೂದ್ ಗ್ರಂಥವು ಅದನ್ನು ಹೇಳುತ್ತದೆ. ವಧೆಗೆ ಒಯ್ಯುತ್ತಿದ್ದ ಕರುವೊಂದು ಬಂದು ಅವನ ಉಡುಪಿನಲ್ಲಿ ತಲೆಯನ್ನು ಮರೆಮಾಡಿಕೊಂಡು ಅತ್ತಿತಂತೆ. ನೀನು ಸೃಷ್ಟಿಯಾದುದೇ ಇದಕ್ಕಾಗಿ ಎಂದು ಅವನು ಅದನ್ನು ಕಳುಹಿಸಿಬಿಟ್ಟನು. ಇವನಲ್ಲಿ ದಯೆಯಿಲ್ಲವೆಂದು ಪರಲೋಕದಲ್ಲಿ ತೀರ್ಪಾಯಿತು. ಬಹುವರ್ಷಗಳ ವ್ಯಾಧಿ ಅವನನ್ನು ಹಿಡಿಯಿತು. ಮುಂದೊಂದು ದಿನ ಮನೆಯ ದಾಸಿ ಗುಡಿಸುವಾಗ ಸಿಕ್ಕ ಮುಂಗುಸಿಯಂತಹ ಪ್ರಾಣಿಯ ಮರಿಗಳನ್ನು ಅವನು ಕಾಪಾಡಿದ ಮೇಲೆಯೇ ವ್ಯಾಧಿ ಬಿಟ್ಟಿತು. ಕರುವನ್ನು ಕೊಂದುದು ಅಶಾಸ್ತ್ರೀಯವೆಂದು ಈ ಕಥೆ ಹೇಳುವುದಿಲ್ಲ. ಶಾಸ್ತ್ರವು ಅನುಮತಿಸಿದ ಎಡೆಯಲ್ಲಿಯೂ ಮರುಕವಿಲ್ಲದ ಮಾತಿಗೆ ಲೆಕ್ಕ ಒಪ್ಪಿಸಬೇಕಾದೀತೆಂದು ಹೇಳುತ್ತದೆ. ತಾಲ್ಮೂದಿನ ಕಥೆಯಲ್ಲಿ ಕಡಿಮೆ ಮರುಗಿದವನಿಗೆ ಶಿಕ್ಷೆ. ಕೊಲೊಮಿರಿನಲ್ಲಿ ಹೆಚ್ಚು ಮರುಗಿದವನಿಗೆ ಬೋಧೆ. ಗುರುವು ಪರಂಪರೆಯ ಹೆಸರಿನಲ್ಲಿ ಆಡಿದ ಮಾತಿಗೆ ಪರಂಪರೆಯಲ್ಲಿಯೇ ಉತ್ತರವಿದ್ದಿತು.

ಕನ್ನಡಿಗರಾದ ನಮಗೆ ಇಲ್ಲಿ ಜನ್ನನ ‘ಯಶೋಧರ ಚರಿತೆ’ ನೆನಪಾಗದೆ ಇರದು. ೧೨೦೯ರ ಆ ಕಾವ್ಯದಲ್ಲಿಯೂ ಕೊಲ್ಲಲು ಮನಸ್ಸಿಲ್ಲದವನೊಬ್ಬನಿದ್ದಾನೆ. ಅವನನ್ನು ಒತ್ತಾಯಿಸುವ ಪ್ರೀತಿಯ ತಾಯಿಯಿದ್ದಾಳೆ. ನಡುದಾರಿಯೆಂದು ಹಿಟ್ಟಿನ ಕೋಳಿಯನ್ನು ಬಲಿಕೊಟ್ಟರೂ ಸಂಕಲ್ಪದ ಪಾಪವು ತಪ್ಪುವುದಿಲ್ಲ. ಆದರೆ ಜನ್ನನಲ್ಲಿ ಮಗನೊಡನೆ ತಾಯಿಯೂ ಜನ್ಮಜನ್ಮಾಂತರಗಳಲ್ಲಿ ಪ್ರಾಣಿಯಾಗಿ ಹುಟ್ಟಿ ನೋಯುತ್ತಾಳೆ. ಕತ್ತಿಯೆತ್ತಿದವನಿಗೂ ಎತ್ತಿಸಿದವಳಿಗೂ ಕರ್ಮವು ಒಂದೇ. ಸಿಂಗರರ ಊರಿನಲ್ಲಿ ಎತ್ತಿದವನು ಮಾತ್ರ ನದಿಯ ಪಾಲಾಗುತ್ತಾನೆ. ಎತ್ತಿಸಿದವರು ಸುಖವಾಗಿ ಹಬ್ಬ ಮಾಡುತ್ತಾರೆ. ಜನ್ನನ ಲೋಕದಲ್ಲಿ ನ್ಯಾಯವು ತಾನಾಗಿಯೇ ಲೆಕ್ಕ ತೀರಿಸುತ್ತದೆ. ಸಿಂಗರರ ಲೋಕದಲ್ಲಿ ಅದನ್ನು ತೀರಿಸುವವರು ಯಾರೂ ಇಲ್ಲ, ವಾಚಕನೇ ತೀರಿಸಬೇಕು.

ಕಥೆಯ ಕೊನೆಯ ಸಂಗತಿಯ ಮಹತ್ತ್ವವಿರುವುದು ಇಲ್ಲಿ. ಯೋಯ್ನೆ ಮೇಯರನು ಸತ್ತ ಬಳಿಕ ಊರು ಏನು ಮಾಡಿತು? ಹಬ್ಬದ ಕಾಲ, ಮಾಂಸಕ್ಕೆ ತೊಂದರೆಯಾದೀತೆಂದು ಹೊಸ ಶೋಹೆತನನ್ನು ಕರೆತರಲು ಇಬ್ಬರು ದೂತರನ್ನು ಅವಸರದಿಂದ ಕಳುಹಿಸಿತು. ಕಥೆ ಇಲ್ಲಿಗೆ ಮುಗಿಯುತ್ತದೆ, ಟೀಕೆಯಿಲ್ಲ, ನಿಟ್ಟುಸಿರಿಲ್ಲ. ದೇವರ ಮೇಲಣ ಅವನ ಘೋರವಾದ ಆಕ್ರೋಶಕ್ಕಿಂತ ಈ ತಣ್ಣಗಿನ ವರದಿಯೇ ನಮ್ಮನ್ನು ಹೆಚ್ಚು ನಡುಗಿಸುತ್ತದೆ. ಒಬ್ಬನ ಮೇಲೆ ಎಲ್ಲರ ಹೊಣೆಯನ್ನೂ ಹೊರಿಸಿ, ಅವನ ಕತ್ತಿ ಶುದ್ಧವೇ ಎಂದು ಮಾತ್ರ ಕೇಳಿ, ಅವನು ಕುಸಿದರೆ ಮತ್ತೊಬ್ಬನನ್ನು ತರುವುದು: ಉಣ್ಣುವವರ ಕೈ ತೊಳೆದಂತೆ ಕಾಣುವುದು ಹೀಗೆ.

ಈ ವಾಕ್ಯಕ್ಕೆ ನಾಲ್ವತ್ತು ವರ್ಷಗಳ ಬಳಿಕ ಚರಿತ್ರೆಯು ಭಾಷ್ಯವನ್ನು ಬರೆಯಿತು. ಅಮೆರಿಕೆಯ ಅಯೋವಾ ಸಂಸ್ಥಾನದಲ್ಲಿ ಪೋಸ್ಟ್‌ವಿಲ್ ಎಂಬುದು ಸುಮಾರು ಎರಡು ಸಾವಿರ ಜನರ ಊರು. ೧೯೮೭ರಲ್ಲಿ ನ್ಯೂಯಾರ್ಕಿನ ಒಬ್ಬ ಯೆಹೂದ್ಯ ಮಾಂಸವ್ಯಾಪಾರಿಯ ಮನೆತನವು ಅಲ್ಲಿ ಮುಚ್ಚಿಹೋಗಿದ್ದ ಕಾರ್ಖಾನೆಯನ್ನು ಕೊಂಡು ‘ಆಗ್ರಿಪ್ರೊಸೆಸರ್ಸ್’ ಎಂಬ ಹೆಸರಿನಲ್ಲಿ ನಡೆಸತೊಡಗಿತು. ಕ್ರಮೇಣ ಅದು ಆ ದೇಶದ ಅತಿ ದೊಡ್ಡ ಕೋಷರ್ ವಧಾಗಾರವಾಯಿತು. ಕೊಲೊಮಿರಿನ ಒಬ್ಬ ಶೋಹೆತನ ಎಡೆಯಲ್ಲಿ ಇಲ್ಲಿ ಯಂತ್ರದ ಸಾಲು. ಕೊರಳನ್ನು ಕೊಯ್ಯಲು ಶಾಸ್ತ್ರಜ್ಞರಾದ ಶೋಹೆತರು. ಮಿಕ್ಕ ಕೆಲಸಕ್ಕೆ ಗ್ವಾಟೆಮಾಲಾ, ಮೆಕ್ಸಿಕೊ ದೇಶಗಳಿಂದ ಬಂದ ಬಡವರು. ೨೦೦೪ರಲ್ಲಿ ಪ್ರಾಣಿದಯಾ ಸಂಘವೊಂದು ಗುಟ್ಟಾಗಿ ತೆಗೆಸಿದ ಚಲಚ್ಚಿತ್ರವು ಹೊರಬಂದಿತು. ಕೊರಳು ಕೊಯ್ದ ಬಳಿಕ ದನದ ಶ್ವಾಸನಾಳವನ್ನು ಕೊಕ್ಕೆಯಿಂದ ಎಳೆದು ಹಾಕುತ್ತಿದ್ದುದೂ, ಆ ಸ್ಥಿತಿಯಲ್ಲಿ ಕೆಲವು ದನಗಳು ಎದ್ದು ನಿಲ್ಲುತ್ತಿದ್ದುದೂ ಅದರಲ್ಲಿ ಕಂಡುಬಂದವು. ಧರ್ಮಾಧಿಕಾರಿಗಳು ಆ ಪದ್ಧತಿಯನ್ನು ನಿಲ್ಲಿಸಬೇಕೆಂದರು. ಆದರೆ ಕೊಯ್ತವು ವಿಧಿವತ್ತಾಗಿದ್ದುದರಿಂದ ಮಾಂಸವು ಕೋಷರೇ ಸರಿಯೆಂದೂ ಹೇಳಿದರು. ೨೦೦೬ರಲ್ಲಿ ಯೆಹೂದ್ಯರದೇ ಆದ ‘ಫಾರ್ವರ್ಡ್’ ಪತ್ರಿಕೆಯು ಕೆಲಸಗಾರರ ಕಡಿಮೆ ಕೂಲಿಯನ್ನೂ ಅವರಿಗೊದಗುತ್ತಿದ್ದ ಅಪಾಯಗಳನ್ನೂ ಬಯಲಿಗೆ ತಂದಿತು. ಈ ಪತ್ರಿಕೆಯ ಯಿಡ್ಡಿಷ್ ಸಂಚಿಕೆಗಳಲ್ಲಿಯೇ ಸಿಂಗರರು ತಮ್ಮ ಕಥೆಗಳನ್ನು ದಶಕಗಳ ಕಾಲ ಪ್ರಕಟಿಸುತ್ತಿದ್ದರೆಂಬುದು ಸ್ಮರಣೀಯ.

೨೦೦೮ರ ಮೇ ೧೨ರಂದು ಸರಕಾರದ ಅಧಿಕಾರಿಗಳು ಆ ಕಾರ್ಖಾನೆಯನ್ನು ಮುತ್ತಿ ೩೮೯ ಮಂದಿ ಕೆಲಸಗಾರರನ್ನು ಹಿಡಿದರು. ಅವರನ್ನು ಇಟ್ಟುದು ವಾಟರ್ಲೂ ಎಂಬ ಊರಿನಲ್ಲಿ ದನಗಳ ಪ್ರದರ್ಶನಕ್ಕಾಗಿ ಕಟ್ಟಿದ ಮೈದಾನದಲ್ಲಿ. ವಿಚಾರಣೆಗಳು ಅಲ್ಲಿಯೇ ಕೆಲವೇ ದಿನಗಳಲ್ಲಿ ಮುಗಿದವು. ಬಹುಮಂದಿಗೆ ಸುಳ್ಳು ದಸ್ತಾವೇಜುಗಳನ್ನು ಬಳಸಿದ ಕಾರಣಕ್ಕಾಗಿ ಐದು ತಿಂಗಳ ಸೆರೆ, ಆಮೇಲೆ ಗಡೀಪಾರು. ಕಾರ್ಖಾನೆಯು ಅದೇ ವರ್ಷ ದಿವಾಳಿಯಾಯಿತು. ಅದರ ಮುಖ್ಯಾಧಿಕಾರಿಗೆ ಬ್ಯಾಂಕಿಗೆ ಮಾಡಿದ ಮೋಸಕ್ಕಾಗಿ ೨೦೧೦ರಲ್ಲಿ ೨೭ ವರ್ಷಗಳ ಶಿಕ್ಷೆಯಾಯಿತು. ಇದು ಅತಿಯಾಯಿತೆಂದು ಅನೇಕ ನ್ಯಾಯವೇತ್ತರು ಹೇಳಿದರು; ೨೦೧೭ರಲ್ಲಿ ಅಧ್ಯಕ್ಷ ಟ್ರಂಪರು ಅದನ್ನು ಮೊಟಕುಗೊಳಿಸಿದರು. ಬಾಲಕರನ್ನು ದುಡಿಸಿದ ಆಪಾದನೆಯಿಂದ ಆತನು ೨೦೧೦ರಲ್ಲಿಯೇ ಬಿಡುಗಡೆ ಹೊಂದಿದ್ದನೆಂಬುದನ್ನೂ ಹೇಳುವುದು ನ್ಯಾಯ. ಯಾರೊಬ್ಬರ ಅಪರಾಧವನ್ನು ತೂಗುವುದು ವಿಮರ್ಶಕನ ಕೆಲಸವಲ್ಲ. ನಮಗೆ ಬೇಕಾದುದು ಇಷ್ಟೆ: ಇಷ್ಟೆಲ್ಲ ನಡೆಯುವಾಗ ಆ ಮಾಂಸದ ಮೇಲೆ ‘ತಕ್ಕುದು’ ಎಂಬ ಮುದ್ರೆ ಇದ್ದೇ ಇತ್ತು. ಮುದ್ರೆ ಸುಳ್ಳಾಗಿರಲಿಲ್ಲ; ಅದು ಕತ್ತಿಯ ವಿಷಯವಾಗಿ ನಿಜವನ್ನೇ ಹೇಳುತ್ತಿತ್ತು. ಕೈಗಳ ವಿಷಯವಾಗಿ ಅದನ್ನು ಯಾರೂ ಕೇಳಿರಲಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. ಯೆಹೂದ್ಯರ ವಧಾವಿಧಿಯನ್ನು ಪರರು ಖಂಡಿಸಿದ ಚರಿತ್ರೆ ಶುಭ್ರವಾದುದಲ್ಲ. ಸ್ವಿಟ್ಸರ್ಲೆಂಡಿನಲ್ಲಿ ೧೮೯೩ರಲ್ಲಿ ಜನಮತದಿಂದ ಅದು ನಿಷೇಧವಾದಾಗ ಪ್ರಾಣಿದಯೆಯೊಡನೆ ಪರದ್ವೇಷವೂ ಬೆರೆತಿತ್ತು. ಜರ್ಮನಿಯಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದ ಮೂರು ತಿಂಗಳೊಳಗೆ, ೧೯೩೩ರ ಏಪ್ರಿಲಿನಲ್ಲಿ, ಅದನ್ನು ನಿಷೇಧಿಸಿದ ಸರಕಾರವು ಮುಂದೆ ಮನುಷ್ಯರಿಗೆ ಮಾಡಿದುದನ್ನು ಲೋಕವು ಬಲ್ಲದು. ದನಕ್ಕಾಗಿ ಕಣ್ಣೀರಿಟ್ಟವರೆಲ್ಲರೂ ದಯಾಳುಗಳಲ್ಲ. ಪೋಸ್ಟ್‌ವಿಲ್ಲಿನ ಕಷ್ಟಗಳು ಕೋಷರ್ ಉದ್ಯಮಕ್ಕೆ ಮಾತ್ರ ಸೇರಿದವೂ ಅಲ್ಲ. ೧೯೦೬ರಲ್ಲಿ ಅಪ್ಟನ್ ಸಿಂಕ್ಲೇರರು ‘ದಿ ಜಂಗಲ್’ ಕಾದಂಬರಿಯಲ್ಲಿ ಚಿಕಾಗೊ ನಗರದ ವಧಾಗಾರಗಳ ಕೂಲಿಗಾರರ ಗೋಳನ್ನು ಚಿತ್ರಿಸಿದರು. ಜನರು ಕೂಲಿಗಾರರಿಗಾಗಿ ಮರುಗುವುದಕ್ಕೆ ಬದಲಾಗಿ ತಮ್ಮ ತಟ್ಟೆಯ ಮಾಂಸದ ಶುಚಿತ್ವಕ್ಕಾಗಿ ಹೆದರಿದರು. ಅದೇ ವರ್ಷ ಮಾಂಸಪರೀಕ್ಷೆಯ ಕಾಯಿದೆಯಾಯಿತು. ಉಣ್ಣುವವನ ಕಣ್ಣು ತಟ್ಟೆಯನ್ನು ದಾಟಿ ಹೋಗದಿರುವುದು ಒಂದು ಮತದ ದೋಷವಲ್ಲ; ಮನುಷ್ಯನ ದೋಷ. ಧರ್ಮದ ಮುದ್ರೆಯು ತಟ್ಟೆಯಾಚೆಗೂ ನೋಡುವುದೆಂಬ ನಿರೀಕ್ಷೆಯಿರುವುದರಿಂದ ಇಲ್ಲಿ ನೋವು ಹೆಚ್ಚು, ಅಷ್ಟೆ.

ಆ ನಿರೀಕ್ಷೆಯನ್ನು ಹುಟ್ಟಿಸಿದವರೂ ಯೆಹೂದ್ಯರೇ. ಹದಿಮೂರನೆಯ ಶತಮಾನದ ಸ್ಪೇನಿನ ನಾಹ್ಮನಿಡೀಸನು ‘ಪವಿತ್ರರಾಗಿರಿ’ ಎಂಬ ವಿಧಿಗೆ ಬರೆದ ವ್ಯಾಖ್ಯಾನದಲ್ಲಿ, ಒಬ್ಬನು ಶಾಸ್ತ್ರದ ಅಕ್ಷರವನ್ನು ಮೀರದೆ, ಅದರ ಅನುಮತಿಯೊಳಗೇ ನೀಚನಾಗಿ ಬಾಳಬಹುದೆಂದು ಎಚ್ಚರಿಸಿದ್ದಾನೆ. ನಿಷಿದ್ಧವಾದುದನ್ನು ಬಿಟ್ಟರೆ ಸಾಲದು. ಅನುಮತವಾದುದರಲ್ಲಿಯೂ ಮನುಷ್ಯನು ಮನುಷ್ಯನಾಗಿರಬೇಕು. ಈ ತತ್ತ್ವಕ್ಕೆ ಮಿನ್ನೆಸೋಟದ ರಬ್ಬಿ ಮೋರಿಸ್ ಆಲೆನರು ಕಾರ್ಯರೂಪ ಕೊಡಲು ಯತ್ನಿಸಿದರು. ಕೂಲಿ, ಕೆಲಸಗಾರರ ಕ್ಷೇಮ, ಪ್ರಾಣಿದಯೆ ಇವುಗಳನ್ನು ಪರೀಕ್ಷಿಸಿ ಕೊಡುವ ಎರಡನೆಯ ಮುದ್ರೆಯೊಂದು ಇರಬೇಕೆಂದು ಅವರು ಆರಂಭಿಸಿದ ಚಳವಳಿಗೆ ‘ಹೆಕ್ಷೆರ್ ತ್ಸೆಡೆಕ್’, ಎಂದರೆ ನ್ಯಾಯದ ಮುದ್ರೆ, ಎಂದು ಹೆಸರು. ಸಂಪ್ರದಾಯಸ್ಥರು ಇದನ್ನು ಒಪ್ಪಲಿಲ್ಲ. ಕೂಲಿಯ ಕಾಯಿದೆಯನ್ನು ನೋಡಿಕೊಳ್ಳುವುದು ಸರಕಾರದ ಕೆಲಸ. ಆಹಾರದ ವಿಧಿಯೊಡನೆ ಅದನ್ನು ಬೆರೆಸಿದರೆ ವಿಧಿಯ ಸ್ಪಷ್ಟತೆ ಕೆಡುವುದೆಂದು ಅವರ ವಾದ. ಇದರಲ್ಲಿ ಹುರುಳಿಲ್ಲವೆನ್ನಲಾಗದು; ಶ್ವಾಸಕೋಶವನ್ನು ಪರೀಕ್ಷಿಸಬಲ್ಲವನು ಕೂಲಿಯ ಲೆಕ್ಕವನ್ನೂ ಪರೀಕ್ಷಿಸಬಲ್ಲನೆಂಬ ನಿಯಮವಿಲ್ಲ. ಆದರೂ ಪರೀಕ್ಷಕನು ಒಬ್ಬನೇ ಆಗಬೇಕೆಂದು ಯಾರೂ ಕೇಳಿರಲಿಲ್ಲ. ಕೊನೆಗೆ ಆ ಮುದ್ರೆ ಮಾರುಕಟ್ಟೆಯಲ್ಲಿ ನೆಲೆಯೂರಲಿಲ್ಲ. ಸಂಪ್ರದಾಯಸ್ಥರಲ್ಲಿಯೇ ಕೆಲವು ತರುಣರು ೨೦೦೯ರಲ್ಲಿ ‘ತಾವ್ ಹಯೋಶೆರ್’ ಎಂಬ ಮುದ್ರೆಯನ್ನು ಹೊರಡಿಸಿ, ಕೆಲಸಗಾರರಿಗೆ ನ್ಯಾಯವಾದ ಕೂಲಿ, ನ್ಯಾಯವಾದ ವೇಳೆ, ಕ್ಷೇಮವಾದ ಎಡೆ ಇವುಗಳನ್ನು ಒದಗಿಸುವ ಕೋಷರ್ ಭೋಜನಶಾಲೆಗಳಿಗೆ ಶುಲ್ಕವಿಲ್ಲದೆ ಕೊಡತೊಡಗಿದರು. ಇದು ದೊಡ್ಡ ಕಾರ್ಖಾನೆಗಳನ್ನು ಮುಟ್ಟುವಂತಹುದಲ್ಲ. ಆದರೂ ಊಟಕ್ಕೆ ಕುಳಿತವರು ಒಳಮನೆಯ ಕಡೆಗೆ ಕಣ್ಣು ಹಾಯಿಸಿದಂತಾಯಿತು.

ಮರಳಿ ಕಥೆಗೆ ಬರೋಣ. ಅದರಲ್ಲಿ ದೋಷವಿಲ್ಲವೆ? ಒಂದುಂಟು. ಪ್ರತಿಭಟಿಸುವವನನ್ನು ಹುಚ್ಚನನ್ನಾಗಿ ಮಾಡಿದುದರಿಂದ ಊರವರಿಗೆ ತಪ್ಪಿಸಿಕೊಳ್ಳುವ ದಾರಿ ಸಿಕ್ಕಿಬಿಡುತ್ತದೆ. ಹುಚ್ಚನ ಮಾತಿಗೆ ಯಾರು ಉತ್ತರ ಕೊಡಬೇಕು? ಅವನ ನೋವು ದೇವರವರೆಗೆ ಏರಿಹೋಗಿ, ನೆರೆಮನೆಯವರ ಬಾಗಿಲನ್ನು ತಟ್ಟುವುದೇ ಇಲ್ಲ. ದೇವರನ್ನು ಕೇಳುವ ಮೊದಲು ಊರವರನ್ನು ಕೇಳಬಹುದಾಗಿತ್ತು: ಎಲೂಲ್ ಮಾಸದಲ್ಲಿ ಇಷ್ಟು ಕೊಯ್ತ ಬೇಕೆ? ಈ ಕೆಲಸಕ್ಕೆ ನಾನೊಬ್ಬನೇ ಸಾಕೆ? ಇಂತಹ ಸಣ್ಣ ಪ್ರಶ್ನೆಗಳಿಗೆ ಸಿಂಗರರ ಕಥೆಯಲ್ಲಿ ಎಡೆಯಿಲ್ಲ. ಲೋಕದಲ್ಲಿ ನಡೆಯಬಹುದಾದ ಸುಧಾರಣೆಯೆಲ್ಲ ನಡೆಯುವುದು ಇಂತಹ ಸಣ್ಣ ಪ್ರಶ್ನೆಗಳಿಂದಲೇ. ಆದರೆ ಆ ಕೊನೆಯ ಇಬ್ಬರು ದೂತರು ಈ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತಾರೆ. ನಾಯಕನು ಊರವರನ್ನು ಕೇಳದೆ ಹೋದುದನ್ನು ಲೇಖಕರು ಒಂದೇ ವಾಕ್ಯದಲ್ಲಿ ಕೇಳಿಬಿಡುತ್ತಾರೆ.

ನಮ್ಮಲ್ಲಿ ಮಾಂಸವನ್ನು ಮುಟ್ಟದ ಮನೆಗಳ ವಾಚಕರು ಈ ಕಥೆಯನ್ನು ಓದಿ ‘ನಮಗಿದು ಸಂಬಂಧಿಸಿದುದಲ್ಲ’ ಎಂದು ನೆಮ್ಮದಿ ತಾಳುವುದು ಸಾಧ್ಯ. ಅವರು ಕಥೆಯನ್ನು ಓದಿದಂತಾಗಲಿಲ್ಲ. ತಮ್ಮ ಮಡಿಯು ಕೆಡದಂತೆ ಮತ್ತೊಬ್ಬನು ದುಡಿಯುತ್ತಿರುವಾಗ, ಅವನ ಕೂಲಿ, ಅವನ ಮೈ, ಅವನ ಮನಸ್ಸು ಏನಾಯಿತೆಂದು ಕೇಳದವರೆಲ್ಲರೂ ಕೊಲೊಮಿರಿನ ನಿವಾಸಿಗಳೇ. ‘ತಕ್ಕುದು’ ಎಂಬ ಮಾತು ಬಹಳ ದೊಡ್ಡದು; ಅದನ್ನು ಪದಾರ್ಥಕ್ಕೆ ಮಾತ್ರ ಸಲ್ಲಿಸಿ, ಅದನ್ನು ಒದಗಿಸಿಕೊಟ್ಟವನಿಗೆ ಸಲ್ಲಿಸದಿದ್ದರೆ ಮಾತು ಅರ್ಧವಾಗುತ್ತದೆ. ಆ ಉಳಿದ ಅರ್ಧವನ್ನು ನಮ್ಮಿಂದ ಕೇಳುವುದರಿಂದಲೇ ಸಿಂಗರರ ಈ ಕಿರಿಯ ಕಥೆ ಹಿರಿಯ ಸಾಹಿತ್ಯವಾಗಿದೆ.